ಕಾವಲು ಯಾರ ಸಲುವಾಗಿ?

‘ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತ.’ ಬ್ಯಾಂಕಿನ ಅರ್ಜಿಯ ಅಡಿಯಲ್ಲಿ, ಆಸ್ಪತ್ರೆಯ ನೋಂದಣಿ ಚೀಟಿಯಲ್ಲಿ, ಫೋನಿಗೆ ಇಳಿಸಿಕೊಳ್ಳುವ ಪ್ರತಿಯೊಂದು ಆ್ಯಪಿನಲ್ಲಿ ಈ ಮಾತು ಇರುತ್ತದೆ. ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೆಂದರೆ ಈಗ ಅದು ಕಾಣಿಸುವುದೇ ಇಲ್ಲ. ನಿಂತು ಓದಿದರೆ ಅದರಲ್ಲಿ ಎರಡು ಬೇರೆ ಬೇರೆ ಭಯಗಳಿಗೆ ಒಂದೇ ಭರವಸೆ ಕೊಟ್ಟಿರುವುದು ಗೊತ್ತಾಗುತ್ತದೆ. ಒಂದು, ಮಾಹಿತಿ ಕಳೆದುಹೋಗುವ ಭಯ. ಇನ್ನೊಂದು, ಅದು ಸೋರಿಹೋಗುವ ಭಯ.

ಇವೆರಡೂ ಅಕ್ಕಪಕ್ಕದಲ್ಲಿ ಕೂರುವ ಭಯಗಳಲ್ಲ. ಕಳೆದುಹೋಗಬಾರದೆಂದರೆ ನಾಲ್ಕು ಕಡೆ ಪ್ರತಿ ಮಾಡಿಡಬೇಕು. ಸೋರಬಾರದೆಂದರೆ ಪ್ರತಿಗಳು ಆದಷ್ಟು ಕಡಿಮೆ ಇರಬೇಕು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ವ್ಯವಸ್ಥೆಯೇ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್ ಮಾಹಿತಿ. ಗಾತ್ರ ತೀರಾ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಅದರ ಬ್ಯಾಕಪ್ ಇರಲಿಲ್ಲ. ಕಚೇರಿಯ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳಬೇಡಿ, ಎಲ್ಲವನ್ನೂ ಇಲ್ಲಿಯೇ ಇಡಿ ಎಂದು ನೌಕರರಿಗೆ ಮೊದಲೇ ಸೂಚನೆಯಿತ್ತು. ಒಂದೇ ಕಡೆ ಇಟ್ಟರೆ ಕಾಯುವುದು ಸುಲಭ, ನಿಜ. ಕಳೆದುಕೊಳ್ಳುವುದೂ ಅಷ್ಟೇ ಸುಲಭ.

ಈ ಎರಡು ಭಯಗಳ ನಡುವೆ ಸಮತೋಲ ಹುಡುಕುವುದು ತಂತ್ರಜ್ಞರ ಕೆಲಸ, ಅದಕ್ಕೆ ಅವರಲ್ಲಿ ಒಳ್ಳೆಯ ಉಪಾಯಗಳೂ ಇವೆ. ನನ್ನನ್ನು ಕಾಡುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಒಂದು ಸಂಸ್ಥೆ ಮಾಹಿತಿಯನ್ನು ಕಾಯುತ್ತದೆ ಎನ್ನುವಾಗ ಅದು ಯಾರ ಸಲುವಾಗಿ ಕಾಯುತ್ತಿದೆ? ಕೊಟ್ಟವರ ಸಲುವಾಗಿಯೋ, ಇಟ್ಟುಕೊಂಡ ತನ್ನ ಸಲುವಾಗಿಯೋ?

ಈ ಪ್ರಶ್ನೆ ನನ್ನದಲ್ಲ. ಹಾವೇರಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಸಣ್ಣ ಸಾಲಗಳ ಬಗ್ಗೆ ನಾನು ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದೇನೆ. ಮಹಿಳಾ ಸಂಘಗಳಲ್ಲಿ ಮತ್ತು ಮೈಕ್ರೋಫೈನಾನ್ಸ್ ಕಂಪನಿಗಳಲ್ಲಿ ಸಾಲ ಪಡೆದ ಮೂವತ್ತೆಂಟು ಹೆಂಗಸರ ಮಾತುಗಳನ್ನು ರೆಕಾರ್ಡ್ ಮಾಡಿದ್ದೇನೆ. ಪ್ರತಿ ಮಾತುಕತೆಗೂ ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಿದ ಒಂದು ಒಪ್ಪಿಗೆ ಪತ್ರವನ್ನು ಓದಿ ಹೇಳಿ ಸಹಿ ಪಡೆಯಬೇಕು. ಅರವತ್ತು ದಾಟಿದ ಒಬ್ಬ ಅಮ್ಮ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು ಕೇಳಿದರು: “ಈ ಹಾಳಿ ಮ್ಯಾಲೆ ಹೆಬ್ಬಟ್ಟು ಒತ್ತು ಅಂತೀಯಲ್ಲವ್ವಾ, ಇದು ನನ್ನ ಸಲುವಾಗೋ, ನಿಮ್ಮ ಸಲುವಾಗೋ?”

ಎರಡೂ ಎಂದು ಹೇಳಿದೆ. ಅದು ಸುಳ್ಳೇನೂ ಅಲ್ಲ. ಆ ಹಾಳೆಯಲ್ಲಿ ಅವರ ಹೆಸರು ಹೊರಗೆ ಬರುವುದಿಲ್ಲ ಎಂಬ ಮಾತು ಇತ್ತು. ಮುಂದೆ ಏನಾದರೂ ಆದರೆ ‘ಅವರೇ ಒಪ್ಪಿ ಸಹಿ ಹಾಕಿದ್ದಾರೆ’ ಎಂದು ತೋರಿಸಲು ನಮಗೊಂದು ಆಧಾರವೂ ಇತ್ತು. ಆದರೆ ಅವರ ಪ್ರಶ್ನೆಯ ಮೊನೆ ಬೇರೆ ಕಡೆಗಿತ್ತು. ಇವೆರಡೂ ಒಂದಕ್ಕೊಂದು ಎದುರಾದ ದಿನ ನೀವು ಯಾವ ಕಡೆ ನಿಲ್ಲುತ್ತೀರಿ ಎಂದು ಅವರು ಕೇಳುತ್ತಿದ್ದರು.

ಆ ಹಳ್ಳಿಗಳಲ್ಲಿ ಗುಟ್ಟು ಎಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಸಂಘದ ಸಾಲ ಗುಟ್ಟಲ್ಲ. ವಾರದ ಸಭೆಯಲ್ಲಿ ಯಾರು ಎಷ್ಟು ಕಟ್ಟಿದರು, ಯಾರದು ಬಾಕಿ ಎಂಬುದನ್ನು ಎಲ್ಲರೆದುರು ಓದುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕಾಗುವುದರಿಂದ ಎಲ್ಲರಿಗೂ ಗೊತ್ತಿರಲೇಬೇಕು. ಗುಟ್ಟಿರುವುದು ಎರಡನೆಯ ಸಾಲದಲ್ಲಿ. ಮೊದಲನೆಯದರ ಕಂತು ಕಟ್ಟಲು ಇನ್ನೊಂದು ಕಂಪನಿಯಿಂದ ತಂದ ಸಾಲ, ಮಗಳ ಆಸ್ಪತ್ರೆಗೆಂದು ತಂದು ತಮ್ಮನ ಜೂಜಿನ ಬಾಕಿಗೆ ಹೋದ ಸಾಲ. “ನಮ್ಮ ಮನ್ಯಾಗ ಗೊತ್ತಿಲ್ಲ” ಎಂಬ ಮಾತು ನನ್ನ ರೆಕಾರ್ಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಂಡನಿಗೆ ಗೊತ್ತಿಲ್ಲದ ಈ ಸಾಲ ಸಾಲ ಕೊಟ್ಟ ಕಂಪನಿಗಳಿಗೆಲ್ಲ ಗೊತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಅವು ಪ್ರತಿಯೊಂದು ಸಾಲದ ವಿವರವನ್ನೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಕಳಿಸುತ್ತವೆ. ಮನೆಯೊಳಗೆ ಬಚ್ಚಿಟ್ಟದ್ದು ಎಲ್ಲೋ ದೂರದ ಸರ್ವರಿನಲ್ಲಿ ಒಂದು ಸಾಲಾಗಿ ಕೂತಿದೆ.

ಸೋರಿಕೆ ಎಂದರೆ ನಮಗೆ ನೆನಪಾಗುವುದು ಯಾವುದೋ ದೇಶದಲ್ಲಿ ಕತ್ತಲಲ್ಲಿ ಕೂತ ಹ್ಯಾಕರ್. ಆ ಹೆಂಗಸರಿಗೆ ಸೋರಿಕೆ ಎಂದರೆ ಪಕ್ಕದ ಮನೆಯ ನಾದಿನಿ. ಹ್ಯಾಕರಿನ ಕೈಗೆ ಸಿಕ್ಕರೆ ಸಂಸ್ಥೆಗೆ ದೊಡ್ಡ ಸುದ್ದಿ. ನಾದಿನಿಯ ಕಿವಿಗೆ ಬಿದ್ದರೆ ಸಂಸ್ಥೆಗೆ ಸುದ್ದಿಯೇ ಅಲ್ಲ, ಆದರೆ ಆ ಮನೆಯಲ್ಲಿ ಅವತ್ತು ರಾತ್ರಿ ಏನಾಗುತ್ತದೆಂದು ಹೇಳಲಾಗದು. ಯಾವ ಮಾಹಿತಿ ‘ಸೂಕ್ಷ್ಮ’ ಎಂಬುದನ್ನು ಸಾಮಾನ್ಯವಾಗಿ ಇಟ್ಟುಕೊಂಡವರು ತೀರ್ಮಾನಿಸುತ್ತಾರೆ. ನೋವು ಮಾತ್ರ ಕೊಟ್ಟವರ ಪಾಲಿಗೆ ಬರುತ್ತದೆ.

ಕಾಯುವ ಕೆಲಸದಲ್ಲಿ ಸಂಸ್ಥೆಯ ಹಿತವೂ ಜನರ ಹಿತವೂ ಎಲ್ಲಿ ಬೇರೆಯಾಗುತ್ತವೆ ಎಂಬುದಕ್ಕೆ ನನಗೆ ತುಂಬ ಸ್ಪಷ್ಟವಾಗಿ ಕಾಣುವ ನಿದರ್ಶನ ಬ್ರಿಟನ್ನಿನದು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಕಂದಾಯ ಮತ್ತು ಸುಂಕ ಇಲಾಖೆ ಎರಡು ಸಿ.ಡಿ.ಗಳನ್ನು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಗೆ ಕಳಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಎರಡೂವರೆ ಕೋಟಿ ಜನರ ಹೆಸರು, ವಿಳಾಸ, ಹುಟ್ಟಿದ ದಿನ, ವಿಮಾ ಸಂಖ್ಯೆ, ಬ್ಯಾಂಕ್ ಖಾತೆ ಅದರಲ್ಲಿದ್ದವು. ರಿಜಿಸ್ಟರ್ ಕೂಡ ಮಾಡಿಸದೆ ಸಾಮಾನ್ಯ ಟಪಾಲಿನಲ್ಲಿ ಹೋದ ಆ ಸಿ.ಡಿ.ಗಳು ತಲುಪಲೇ ಇಲ್ಲ. ಇಲಾಖೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಟಪಾಲಿನ ಈ ಅಚಾತುರ್ಯದ ಬಗ್ಗೆ ಆಗ ತುಂಬ ಚರ್ಚೆಯಾಯಿತು. ನನಗೆ ಅದಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಲೆಕ್ಕಪರಿಶೋಧಕರು ಇಷ್ಟನ್ನೆಲ್ಲ ಕೇಳಿರಲೇ ಇಲ್ಲ. ಬ್ಯಾಂಕ್ ವಿವರ, ವಿಳಾಸ ಮುಂತಾದವನ್ನು ತೆಗೆದು ಕಳಿಸಿ ಎಂದಿದ್ದರು. ಹಾಗೆ ಬೇರ್ಪಡಿಸಲು ಹೆಚ್ಚುವರಿ ಖರ್ಚಾಗುತ್ತದೆ ಎಂದು ಇಲಾಖೆ ಇಡೀ ಪಟ್ಟಿಯನ್ನೇ ಕಳಿಸಿತು.

ಇಲ್ಲಿ ಯಾರೂ ಕೆಟ್ಟವರಲ್ಲ. ಯಾರೋ ಒಬ್ಬ ಅಧಿಕಾರಿ ಇಲಾಖೆಯ ದುಡ್ಡು ಉಳಿಸಿದರು. ಆದರೆ ಆ ಉಳಿತಾಯದ ಲೆಕ್ಕದಲ್ಲಿ ಎರಡೂವರೆ ಕೋಟಿ ಜನ ಇರಲಿಲ್ಲ. ತಮ್ಮ ಮನೆಯ ಬೀರುವಿನ ಕೀಲಿಯನ್ನು ಅದೇ ಟಪಾಲಿನಲ್ಲಿ ಕಳಿಸಬೇಕಾಗಿದ್ದರೆ ಅವರು ಆ ಖರ್ಚು ಹೆಚ್ಚಾಯಿತೆಂದು ಹೇಳುತ್ತಿದ್ದರೇ? ತನ್ನದನ್ನು ಕಾಯುವ ಎಚ್ಚರ ಒಂದು, ತನ್ನ ಹತ್ತಿರ ಇರುವ ಪರರದನ್ನು ಕಾಯುವ ಎಚ್ಚರ ಇನ್ನೊಂದು. ಎರಡನೆಯದು ತಾನಾಗಿ ಬರುವುದಿಲ್ಲ. ಅದಕ್ಕೆ ಧರ್ಮವೋ ಕಾನೂನೋ ಬೇಕಾಗುತ್ತದೆ.

ನಮ್ಮ ನೆಲದಲ್ಲಿ ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ನಾವು ಅದನ್ನು ಆಸ್ತಿ ಪಾಲಿನ ಕಾನೂನಿಗಾಗಿ ಮಾತ್ರ ನೆನೆಯುತ್ತೇವೆ. ಆ ಸ್ಮೃತಿಯ ವ್ಯವಹಾರ ಕಾಂಡದಲ್ಲಿ ‘ಉಪನಿಧಿ’ ಎಂಬ ಪುಟ್ಟ ಪ್ರಕರಣವೂ ಇದೆ. ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆ ಎಂದು ಹೇಳದೆ, ಇನ್ನೊಬ್ಬನ ಕೈಗೆ ನಂಬಿ ಕೊಟ್ಟ ವಸ್ತುವೇ ಉಪನಿಧಿ. ಅದನ್ನು ಹೇಗೆ ಕೊಟ್ಟರೋ ಹಾಗೆಯೇ ಮರಳಿಸಬೇಕು. ರಾಜನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯ ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ಅದು ನಾಶವಾದರೆ ಅದರ ಬೆಲೆಯನ್ನೂ ತೆರಬೇಕು, ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ತನ್ನಿಷ್ಟದಂತೆ ಅದನ್ನು ಬಳಸಿ ಲಾಭ ಮಾಡಿಕೊಂಡರೆ ದಂಡದ ಜೊತೆಗೆ ಬಡ್ಡಿ ಸೇರಿಸಿ ಹಿಂದಿರುಗಿಸಬೇಕು.

ಹಳೆಯದೆಲ್ಲ ಹೊನ್ನು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಅದೇ ಸ್ಮೃತಿ ಜಾತಿ ನೋಡಿ ಶಿಕ್ಷೆ ವಿಧಿಸುತ್ತದೆ ಎಂಬುದನ್ನು ಮರೆಯಲಾಗದು. ಆದರೂ ಈ ಪ್ರಕರಣದಲ್ಲಿ ಒಂದು ವಿವೇಕವಿದೆ. ಕಳ್ಳತನಕ್ಕೆ ಕ್ಷಮೆ ಇದೆ, ಕೊಟ್ಟವನನ್ನು ಕಡೆಗಣಿಸಿದ್ದಕ್ಕೆ ಕ್ಷಮೆ ಇಲ್ಲ. ಇಟ್ಟುಕೊಂಡವನ ನಡತೆಯನ್ನು ಅಳೆಯುವುದು ಗೋಡೆಯ ಎತ್ತರದಿಂದಲ್ಲ, ಒಡೆಯನ ಜೊತೆ ಅವನು ಹೇಗೆ ನಡೆದುಕೊಂಡ ಎಂಬುದರಿಂದ.

ಮಾಹಿತಿ ಮಾತ್ರ ಆ ಪೆಟ್ಟಿಗೆಯಂಥದಲ್ಲ. ಪೆಟ್ಟಿಗೆಯನ್ನು ಇಟ್ಟುಕೊಂಡವನಿಗೆ ಒಳಗೇನಿದೆ ಗೊತ್ತಿರುವುದಿಲ್ಲ. ಸಂಸ್ಥೆ ಇಟ್ಟುಕೊಳ್ಳುವುದೇ ತೆರೆದು ಬಳಸಲಿಕ್ಕೆ. ಚಿನ್ನ ಕಳುವಾದರೆ ಬೀರು ಖಾಲಿಯಾಗಿ ಗೊತ್ತಾಗುತ್ತದೆ. ಮಾಹಿತಿ ಕಳುವಾದ ಮೇಲೂ ಇದ್ದಲ್ಲೇ ಇರುತ್ತದೆ. ಆದ್ದರಿಂದಲೇ ಮುಚ್ಚಿಡುವ ಆಸೆ ಹುಟ್ಟುತ್ತದೆ. ಫಿನ್‌ಲೆಂಡಿನ ವಸ್ತಾಮೊ ಎಂಬ ಮನಶ್ಚಿಕಿತ್ಸಾ ಸಂಸ್ಥೆಯ ದಾಖಲೆಗಳು 2018 ಮತ್ತು 2019ರಲ್ಲಿ ಕಳ್ಳರ ಪಾಲಾದವು. 2020ರ ಅಕ್ಟೋಬರಿನಲ್ಲಿ ಜಗತ್ತಿಗೆ ತಿಳಿಯಿತು. ಸಂಸ್ಥೆ ಹಣ ಕೊಡದಿದ್ದಾಗ ಕಳ್ಳ ನೇರವಾಗಿ ರೋಗಿಗಳಿಗೇ ಪತ್ರ ಬರೆದ: ದಿನದೊಳಗೆ 200 ಯೂರೋ ಕೊಡಿ, ಇಲ್ಲವಾದರೆ 500, ಅದೂ ಇಲ್ಲವಾದರೆ ನೀವು ಚಿಕಿತ್ಸಕರ ಮುಂದೆ ಹೇಳಿಕೊಂಡದ್ದೆಲ್ಲ ಬಯಲಿಗೆ. ಹೀಗೆ ಬಯಲಾದ ದಾಖಲೆಗಳು 30,000ಕ್ಕೂ ಹೆಚ್ಚು ಜನರವು. ಅವುಗಳಲ್ಲಿ ಇದ್ದದ್ದು ಹೆಂಡತಿಗೆ ಹೇಳಲಾಗದ್ದು, ತಾಯಿಗೆ ಹೇಳಲಾಗದ್ದು. 2019ರ ಮಾರ್ಚ್ ಹೊತ್ತಿಗೇ ಸಂಸ್ಥೆಗೆ ಇದು ತಿಳಿದಿರಲೇಬೇಕಿತ್ತು, ಆದರೂ ತಿಳಿಸಲಿಲ್ಲ ಎಂದು ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಕಂಡುಕೊಂಡು 6,08,000 ಯೂರೋ ದಂಡ ವಿಧಿಸಿತು. ಅಷ್ಟರಲ್ಲಿ ಸಂಸ್ಥೆ ದಿವಾಳಿಯಾಗಿತ್ತು.

ಕಳ್ಳನ ಅಪರಾಧ ಕಳ್ಳನದು. ಅವನಿಗೆ 2024ರಲ್ಲಿ ಜೈಲು ಶಿಕ್ಷೆಯೂ ಆಯಿತು. ಆದರೆ ತಿಳಿದೂ ಹೇಳದೆ ಉಳಿದ ಆ ಒಂದೂವರೆ ವರ್ಷ ಯಾರದು? ಆ ದಿನಗಳಲ್ಲಿ ಯಾರೋ ಒಬ್ಬರು ಅದೇ ಕೋಣೆಯಲ್ಲಿ ಕೂತು ಇನ್ನಷ್ಟು ಹೇಳಿಕೊಂಡಿರುತ್ತಾರೆ, ಚಿಕಿತ್ಸಕರು ಬರೆದುಕೊಂಡಿರುತ್ತಾರೆ. ತಮ್ಮ ಮಾತು ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ಯೋಚಿಸುವ ಅವಕಾಶವನ್ನೇ ಅವರಿಂದ ಕಿತ್ತುಕೊಳ್ಳಲಾಗಿತ್ತು.

ಇದರಿಂದ ನನಗೊಂದು ಒರೆಗಲ್ಲು ಸಿಕ್ಕಿದೆ. ಸೋರಿಕೆ ಗೊತ್ತಾದ ದಿನ ಸಂಸ್ಥೆ ಮೊದಲು ಯಾರಿಗೆ ಹೇಳುತ್ತದೆ? ವಕೀಲರಿಗೋ, ಪ್ರಚಾರ ವಿಭಾಗಕ್ಕೋ, ಮಾಹಿತಿ ಕೊಟ್ಟವರಿಗೋ? ಅಷ್ಟು ದಿನ ಅದು ಆ ಮಾಹಿತಿಯನ್ನು ಆಸ್ತಿಯೆಂದು ಕಂಡಿತ್ತೋ ನಂಬಿಕೆಯೆಂದು ಕಂಡಿತ್ತೋ ಎಂಬುದಕ್ಕೆ ಉತ್ತರ ಅಲ್ಲಿದೆ.

ಈ ಒರೆಗಲ್ಲನ್ನೂ ಒರೆಗೆ ಹಚ್ಚಬೇಕು. ಹೇಳುವುದೇ ಅಪಾಯವಾದರೆ? 2022ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವಾಲಯದಿಂದ ಒಂದು ಪಟ್ಟಿ ಹೊರಬಿತ್ತು. ತಾಲಿಬಾನಿನಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬರಲು ಅರ್ಜಿ ಹಾಕಿದ್ದ ಸುಮಾರು 19,000 ಆಫ್ಘನ್ನರ ವಿವರ ಅದರಲ್ಲಿತ್ತು. 2023ರ ಆಗಸ್ಟಿನಲ್ಲಿ ಅದರ ತುಣುಕುಗಳು ಫೇಸ್‌ಬುಕ್ಕಿನಲ್ಲಿ ಕಾಣಿಸಿಕೊಂಡಾಗ ಸರ್ಕಾರ ನ್ಯಾಯಾಲಯದ ಮೊರೆ ಹೋಯಿತು. ಸುದ್ದಿಯನ್ನಲ್ಲದೆ ನಿರ್ಬಂಧವಿದೆ ಎಂಬುದನ್ನೂ ಪ್ರಕಟಿಸಕೂಡದೆಂಬ ಆದೇಶ ಬಂತು. ಕೇಳಿದರೆ ವಾದದಲ್ಲಿ ಹುರುಳಿದೆ: ಪಟ್ಟಿ ಇದೆ ಎಂದು ಸಾರಿದರೆ ತಾಲಿಬಾನ್ ಅದನ್ನು ಹುಡುಕುತ್ತದೆ. ಆ ಮೌನದ ಮರೆಯಲ್ಲಿ ಸರ್ಕಾರ ಸಾವಿರಾರು ಜನರನ್ನು ಗುಟ್ಟಾಗಿ ಕರೆತಂದದ್ದೂ ನಿಜ.

ಆದರೆ ಆ ಮೌನ 2025ರ ಜುಲೈವರೆಗೆ, ಹತ್ತಿರ ಹತ್ತಿರ ಎರಡು ವರ್ಷ ಉಳಿಯಿತು. ಕೊನೆಗೆ ಸರ್ಕಾರವೇ ನೇಮಿಸಿದ ಪರಿಶೀಲನೆ, ಪಟ್ಟಿಯಲ್ಲಿ ಹೆಸರಿರುವುದೊಂದರಿಂದಲೇ ಅಪಾಯ ಹೆಚ್ಚುವ ಸಾಧ್ಯತೆ ಕಡಿಮೆ ಎಂದಿತು. ಆ ಎರಡು ವರ್ಷ ಪಟ್ಟಿಯಲ್ಲಿದ್ದ ಬಹುಪಾಲು ಜನರಿಗೆ ತಮ್ಮ ಹೆಸರು ಹೊರಬಿದ್ದಿದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮನೆ ಬದಲಿಸಬಹುದಿತ್ತು, ಫೋನ್ ನಂಬರ್ ಬದಲಿಸಬಹುದಿತ್ತು. ಗೊತ್ತಿಲ್ಲದಿದ್ದದ್ದು ಅವರಿಗೆ ಮಾತ್ರವಲ್ಲ, ಸಂಸತ್ತಿಗೂ ಮತದಾರರಿಗೂ ಗೊತ್ತಿರಲಿಲ್ಲ. ಜನರನ್ನು ಕಾಪಾಡುವ ಮೌನವೂ ಸಚಿವಾಲಯವನ್ನು ಕಾಪಾಡುವ ಮೌನವೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಒಳಗಿದ್ದವರಿಗೂ ಸ್ವಲ್ಪ ದಿನದ ನಂತರ ವ್ಯತ್ಯಾಸ ತಿಳಿಯುವುದಿಲ್ಲವೇನೋ. ಹಾಗಾಗಿ ನನ್ನ ನಿಲುವು ಇಷ್ಟು: ಹೇಳದೆ ಇರಲು ಕಾರಣವಿದ್ದಾಗಲೂ ಹೇಳದಿರುವ ಹಕ್ಕು ಸೋರಿಸಿದವರ ಕೈಯಲ್ಲಿ ಉಳಿಯಬಾರದು. ಅದು ಪಟ್ಟಿಯಲ್ಲಿದ್ದವರ ಪರವಾಗಿ ಮಾತ್ರ ಯೋಚಿಸುವ ಇನ್ನೊಬ್ಬರ ಕೈಯಲ್ಲಿರಬೇಕು, ಅದಕ್ಕೊಂದು ಗಡುವೂ ಇರಬೇಕು.

ನಮ್ಮ ದೇಶದ ಹೊಸ ಕಾನೂನು ಈ ಒರೆಗಲ್ಲಿನಲ್ಲಿ ಅರ್ಧ ಪಾಸಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಮುಂದುವರಿಕೆಯಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಇಟ್ಟುಕೊಂಡವರನ್ನು ‘ಡೇಟಾ ಫಿಡ್ಯುಷಿಯರಿ’ ಎಂದು ಕರೆಯುತ್ತದೆ. ನಂಬಿಕೆಗೆ ಕಟ್ಟುಬಿದ್ದವನು ಎಂದರ್ಥ. ಸೋರಿಕೆಯಾದರೆ ಮಂಡಳಿಗೆ ಮಾತ್ರವಲ್ಲ, ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಿಳಿಸಬೇಕು ಎನ್ನುತ್ತದೆ. ಇದು ಒಳ್ಳೆಯದು. ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಆ ದಂಡವೆಲ್ಲ ಹೋಗುವುದು ಭಾರತದ ಸಂಚಿತ ನಿಧಿಗೆ. ನಷ್ಟವಾದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಕೈಬಿಡಲು ಇದೇ ಕಾಯ್ದೆ ಏರ್ಪಾಡು ಮಾಡಿದೆ. ಉಪನಿಧಿಯ ನಿಯಮದಲ್ಲಿ ಒಡೆಯನಿಗೆ ಬೆಲೆ, ಅದರ ಮೇಲೆ ದಂಡ, ಎರಡೂ ಇದ್ದವು. ಇಲ್ಲಿ ದಂಡ ಉಳಿದು, ಒಡೆಯ ಲೆಕ್ಕದಿಂದ ಹೊರಗೆ ಹೋದ. ಹಾವೇರಿಯ ಆ ಅಮ್ಮ ಈ ಕಾಯ್ದೆಯ ಬಗ್ಗೆಯೂ ಅದೇ ಪ್ರಶ್ನೆ ಕೇಳಬಹುದು.

ಇದೆಲ್ಲ ಬರೆಯುವಾಗ ಎದುರಿಗೆ ನನ್ನದೇ ಹಾರ್ಡ್‌ಡಿಸ್ಕ್ ಇದೆ. ಹೆಸರುಗಳನ್ನು ತೆಗೆದು ಸಂಖ್ಯೆ ಕೊಟ್ಟಿದ್ದೇನೆ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಕಂಪ್ಯೂಟರಿನಲ್ಲಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಬೇರೆ ಕಡೆ ಇದೆ. ಕಳೆದ ವರ್ಷ ನಮ್ಮ ವಿಭಾಗ ಎಲ್ಲ ಸಂಶೋಧಕರ ರೆಕಾರ್ಡುಗಳನ್ನೂ ಒಂದು ಸಾಮಾನ್ಯ ಸಂಗ್ರಹದಲ್ಲಿ ಇಡಲು ಕೇಳಿತು. ಕಳೆದುಹೋಗದಿರಲಿ, ಮುಂದಿನವರಿಗೂ ಒದಗಲಿ ಎಂಬುದು ಕಾರಣ. ಕಾರಣ ಒಳ್ಳೆಯದೇ. ಹೆಬ್ಬಟ್ಟು ಒತ್ತಿಸಿಕೊಂಡ ಹಾಳೆಯ ಒಂದು ಮೂಲೆಯಲ್ಲಿ ‘ಶೈಕ್ಷಣಿಕ ಉದ್ದೇಶಕ್ಕೆ’ ಎಂಬ ಪದವೂ ಇತ್ತು, ಕೇಳದೆಯೇ ಕೊಟ್ಟುಬಿಡಬಹುದಿತ್ತು. ಆದರೆ ಹೆಸರು ತೆಗೆದರೂ ದನಿ ಉಳಿಯುತ್ತದೆ, ಆ ಹಳ್ಳಿಯವರಿಗೆ ದನಿಯೇ ಹೆಸರು. ಹಾಗಾಗಿ ಮೂವತ್ತೆಂಟು ಮನೆಗಳಿಗೂ ಮತ್ತೆ ಹೋಗಿ ಕೇಳಿದೆ. ಹೆಚ್ಚಿನವರು ಬರಹ ಇರಲಿ, ದನಿ ಬೇಡ ಎಂದರು. ಐದು ಜನ ಎಲ್ಲವನ್ನೂ ಅಳಿಸಿಬಿಡು ಎಂದರು. ಅದರಲ್ಲಿ ಇಬ್ಬರ ಮಾತು ನನ್ನ ಮೂರನೆಯ ಅಧ್ಯಾಯದ ಬೆನ್ನೆಲುಬಾಗಿತ್ತು. ಅವರೆದುರಿಗೇ ಅಳಿಸಿದೆ, ಊರಿಗೆ ಮರಳಿ ಬ್ಯಾಕಪ್ಪಿನಿಂದಲೂ ಅಳಿಸಿದೆ. ಮಾರ್ಗದರ್ಶಕರು ಒಪ್ಪಿದರು. ಅಧ್ಯಾಯವನ್ನು ಬೇರೆ ರೀತಿಯಲ್ಲಿ ಕಟ್ಟುತ್ತಿದ್ದೇನೆ, ಮೊದಲಿನಷ್ಟು ಗಟ್ಟಿಯಾಗಿ ಬರುತ್ತಿಲ್ಲ.

ಈ ನಷ್ಟಕ್ಕೆ ಏನು ಹೆಸರಿಡಬೇಕು? ಸಂಸ್ಥೆಯ ಭಾಷೆಯಲ್ಲಿ ಇದು ಮಾಹಿತಿ ನಾಶ, ತಡೆಯಬೇಕಾದದ್ದು. ಉಪನಿಧಿಯ ಭಾಷೆಯಲ್ಲಿ ಇದು ಮರಳಿಸುವಿಕೆ. ಪೆಟ್ಟಿಗೆಯನ್ನು ಕೈಗೆ ಕೊಟ್ಟು ಮರಳಿಸಬಹುದು, ಮಾತನ್ನು ಅಳಿಸಿಯೇ ಮರಳಿಸಬೇಕು. ಕೇಳಿದಾಗ ಮರಳಿಸಲು ಸಿದ್ಧವಿಲ್ಲದ ಸಂಸ್ಥೆ ಎಷ್ಟೇ ಬಲವಾದ ಬೀಗ ಹಾಕಿದ್ದರೂ ಅದು ಕಾಯುತ್ತಿರುವುದು ತನ್ನ ಗಂಟನ್ನು. ಬೇಡದ್ದನ್ನು ಮೊದಲೇ ಕೇಳದಿರುವುದು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳದಿರುವುದು, ಹೊರಬಿದ್ದರೆ ಮೊದಲು ಕೊಟ್ಟವರಿಗೆ ಹೇಳುವುದು: ಇವು ಮೂರೂ ಹಣದ ಲೆಕ್ಕದಲ್ಲಿ ನಷ್ಟವೇ. ನಂಬಿ ಕೊಟ್ಟದ್ದನ್ನು ಕಾಯುವ ಕೆಲಸದಲ್ಲಿ ಅಷ್ಟು ನಷ್ಟಕ್ಕೆ ಮೊದಲೇ ಒಪ್ಪಿರಬೇಕು. ‘ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತ’ ಎಂದು ಬರೆಯುವ ಮುನ್ನ ಆ ‘ನಿಮ್ಮ’ ಎಂಬ ಪದವನ್ನು ಒಮ್ಮೆ ನಿಧಾನವಾಗಿ ಓದಿಕೊಂಡರೆ ಸಾಕು.